ಎವ್ದೋಕಿಯಾಳ ಪಾಲು

ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ವ್ಯಕ್ತಿ ಎಂದು ನಾನು ಹಲಗೆಯ ಮೇಲೆ ಬರೆದಾಗಲೆಲ್ಲ ತರಗತಿಯಲ್ಲಿ ನಗು ಏಳುತ್ತದೆ. ಗ್ರೀಸಿನ ನಮ್ಮ ಪುಟ್ಟ ದ್ವೀಪದ ವೃತ್ತಿಶಾಲೆಯಲ್ಲಿ ವ್ಯಾಪಾರ ಕಾನೂನು ಕಲಿಸುವವಳು ನಾನೊಬ್ಬಳೇ. ಹೆಸರು ಪೆರ್ಸೆಫೋನಿ. ಮಕ್ಕಳು ನನ್ನ ಬೆನ್ನ ಹಿಂದೆ ಇಟ್ಟಿರುವ ಇನ್ನೊಂದು ಹೆಸರೂ ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಕರಾರು, ಒಪ್ಪಿಗೆ, ಪಾಲುದಾರಿಕೆ ಎಲ್ಲವನ್ನೂ ಅವರು ಹೇಗೋ ನುಂಗಿಕೊಳ್ಳುತ್ತಾರೆ. ಈ ಒಂದು ಪಾಠ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರ ತಪ್ಪೇನಿಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಪಾಸಾದ ನನಗೂ ಅದು ಒಳಗೆ ಇಳಿದಿರಲಿಲ್ಲ.

ಆ ಮೇ ತಿಂಗಳಲ್ಲೂ ಅದೇ ಕಥೆ. ಕಿಟಕಿಯಾಚೆ ಸಮುದ್ರ ಹೊಳೆಯುತ್ತಿತ್ತು, ಒಳಗೆ ಮಕ್ಕಳು ತೂಕಡಿಸುತ್ತಿದ್ದರು.

"ಅದಕ್ಕೆ ಮೈ ಇಲ್ಲ, ಹಸಿವಿಲ್ಲ, ನಿದ್ದೆಯಿಲ್ಲ," ಎಂದೆ. "ಆದ್ರೆ ಅದರ ಆಸ್ತಿ ಅದರದ್ದೇ, ಅದರ ಸಾಲ ಅದರದ್ದೇ. ಕಟ್ಟಿದವರು ಸತ್ರೂ ಅದು ಸಾಯಲ್ಲ. ಅದರ ಜೇಬಿಂದ ತೆಗೆದು ನಿಮ್ಮ ಜೇಬಿಗೆ ಹಾಕ್ಕೊಂಡ್ರೆ, ಕಟ್ಟಿದವರು ನೀವೇ ಆಗಿದ್ರೂ ತಪ್ಪು ತಪ್ಪೇ."

"ಹಸಿವಿಲ್ಲ, ಕೆಲಸ ಇಲ್ಲ, ಸಾಯೋದೂ ಇಲ್ಲ," ಎಂದ ಕೊನೆಯ ಬೆಂಚಿನ ಥ್ರಾಸೋಸ್. "ಟೀಚರ್, ನಮ್ಮ ಹೆಡ್‌ಮಾಸ್ಟ್ರು ಅಂತ ನೇರವಾಗೇ ಹೇಳಿ!"

ತರಗತಿ ಗೊಳ್ಳೆಂದಿತು. ನನಗೂ ನಗು ಬಂತು. ಆದರೂ ಸಿಟ್ಟಿನ ಮುಖ ಮಾಡಿಕೊಂಡು ಹಲಗೆಯ ಕಡೆ ತಿರುಗಿದೆ. ಆಗ ಹಿಂದಿನಿಂದ ಒಂದು ದನಿ ಕೇಳಿಸಿತು.

"ನಮ್ಮ ದೋಣಿ ಥರ."

ಹಾಗೆಂದವಳು ಜಂಬೇತಾ. ಮೀನುಗಾರ ಪಂಡೆಲಿಸನ ಮಗಳು, ಸುಮ್ಮನೆ ಬಾಯಿ ಬಿಡುವವಳಲ್ಲ.

"ಅದು ಹೇಗಮ್ಮ?" ಎಂದೆ.

"ಹಿಡಿದ ಮೀನನ್ನ ರಾಶಿ ಮಾಡ್ತಾರಲ್ಲ ಟೀಚರ್. ಅಪ್ಪಂಗೊಂದು, ಫೊಕಾಸ್ ಚಿಕ್ಕಪ್ಪಂಗೊಂದು, ಸರಾಂತಿಸ್ ಮಾಮಂಗೊಂದು, ದೋಣಿಗೊಂದು. ದೋಣಿ ರಾಶಿ ಮಾರಿದ ದುಡ್ಡು ಅವಳ ಡಬ್ಬಿಗೇ ಹೋಗುತ್ತೆ. ಬಣ್ಣ, ಹಗ್ಗ, ಹೊಸ ಇಂಜಿನ್ನು ಎಲ್ಲಾ ಅದರಿಂದಲೇ ಬಂದಿದ್ದು. ನನ್ನ ಹಲ್ಲು ಸರಿಮಾಡಿಸೋಕೆ ಅಪ್ಪ ಊರೆಲ್ಲ ಸಾಲ ಕೇಳಿದ್ರು, ಆ ಡಬ್ಬಿ ಮಾತ್ರ ಮುಟ್ಟಲಿಲ್ಲ. ಅದು ಎವ್ದೋಕಿಯಾಳದು ಅಂದ್ರು. ದೋಣಿ ಹೆಸರು ಅದು."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. ದೋಣಿಗೂ ಒಂದು ಪಾಲು ಎಂಬುದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಮ್ಮ ಬಂದರಿನಲ್ಲಿ ಅದನ್ನು ಯಾರೂ ವಿಶೇಷವೆಂದು ಹೇಳುವುದಿಲ್ಲ. ಆದರೆ ಅಥೆನ್ಸಿನ ಪ್ರೊಫೆಸರುಗಳು ನನಗೆ ವರ್ಷಗಟ್ಟಲೆ ತಿಳಿಸಲಾರದೆ ಹೋದದ್ದನ್ನು ನಮ್ಮ ಮುತ್ತಜ್ಜಂದಿರು ಮೀನಿನ ರಾಶಿಯಲ್ಲಿ ಮಾಡಿಟ್ಟಿದ್ದರು!

"ಹಾಗಾದ್ರೆ ಕಾನೂನು ಪ್ರಕಾರ ಅವಳೂ ಒಬ್ಬ ವ್ಯಕ್ತಿನಾ?" ಎಂದು ಜಂಬೇತಾ ಕೇಳಿದಳು. ಅವಳು ಬೆಂಚಿನ ಅಂಚನ್ನು ಹಿಡಿದಿದ್ದ ರೀತಿ ನೋಡಿ, ಇದು ಪಾಠದ ಪ್ರಶ್ನೆಯಲ್ಲ ಅನ್ನಿಸಿತು.

"ಕಂಪನಿ ಅಂತ ನೋಂದಣಿ ಆಗಿರ್ಬೇಕು. ಕಾಗದದಲ್ಲಿ ದೋಣಿ ಯಾರ ಹೆಸರಲ್ಲಿದೆ?"

"ಚಿಕ್ಕಪ್ಪನ ಹೆಸರಲ್ಲಿ. ಒಬ್ಬರದ್ದೇ."

"ಹಾಗಾದ್ರೆ ಕಾಗದದ ಲೆಕ್ಕಕ್ಕೆ ಅದು ನಿಮ್ಮ ಚಿಕ್ಕಪ್ಪನ ವಸ್ತು, ಅಷ್ಟೇ."

ಗಂಟೆ ಹೊಡೆದ ಮೇಲೆ ಎಲ್ಲರೂ ಹೋದರೂ ಜಂಬೇತಾ ಕೂತೇ ಇದ್ದಳು. ವಿಷಯ ಆಗ ಹೊರಬಂತು. ಸಮುದ್ರದಲ್ಲಿ ಮೀನು ಕಡಿಮೆಯಾಗಿದೆ, ದೋಣಿಗಳೂ ಕಡಿಮೆಯಾಗಲಿ ಎಂದು ಸರ್ಕಾರ ಒಂದು ಯೋಜನೆ ತಂದಿತ್ತು. ಮೀನು ಹಿಡಿಯುವ ಪರವಾನಗಿ ಹಿಂದಿರುಗಿಸಿದವರಿಗೆ ಕೈತುಂಬ ಪರಿಹಾರ. ಆದರೆ ದೋಣಿಯನ್ನು ಒಡೆಯಲೇಬೇಕು. ದಡಕ್ಕೆ ಎಳೆದು, ಹಳದಿ ಯಂತ್ರದ ಕೈಗೆ ಕೊಟ್ಟು, ಚೂರು ಮಾಡಿಸಬೇಕು. ಫೊಕಾಸ್ ಸೋಮವಾರ ಬಂದರು ಕಚೇರಿಗೆ ಹೋಗಿ ರುಜು ಹಾಕುವವನಿದ್ದ, ಯಂತ್ರವೂ ಅಂದೇ ಬರುವುದಿತ್ತು.

"ಅಪ್ಪ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಟೀಚರ್. ಎವ್ದೋಕಿಯಾ ಅಂದ್ರೆ ನಮ್ಮ ಅಜ್ಜಿ ಹೆಸರು, ಅಪ್ಪನ ಅಮ್ಮ."

ದೋಣಿ ಕಟ್ಟಿಸುವಾಗ ದುಡಿದದ್ದು ಇಬ್ಬರೂ ಅಣ್ಣತಮ್ಮಂದಿರು. ಅದನ್ನು ನೀರಿಗಿಳಿಸಿದ ದಿನ ಪಂಡೆಲಿಸ್ ಸರಕು ಹಡಗಿನ ಕೆಲಸದಲ್ಲಿ ಎಲ್ಲೋ ದೂರದೇಶದಲ್ಲಿದ್ದ. ಕಚೇರಿಯಲ್ಲಿ ಯಾರಾದರೊಬ್ಬರು ನಿಲ್ಲಬೇಕಿತ್ತು, ಫೊಕಾಸ್ ನಿಂತ. ಆಮೇಲೆ ಅಣ್ಣನ ಹೆಸರು ಸೇರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮವರು ಹೀಗೇ. ದೋಣಿಗೆ ಒಂದು ಮೀನು ಕಡಿಮೆ ಬಿದ್ದರೆ ಕಣ್ಣಲ್ಲಿ ಕಣ್ಣಿಟ್ಟು ಹುಡುಕುತ್ತಾರೆ, ಕಾಗದದಲ್ಲಿ ಒಂದು ಹೆಸರು ಕಡಿಮೆ ಬಿದ್ದರೆ ತಿರುಗಿಯೂ ನೋಡುವುದಿಲ್ಲ.

"ಮೂವರು ಸೇರಿ ದುಡಿದು ಹಂಚಿಕೊಂಡ್ರೆ, ಬರೆದಿಡದಿದ್ರೂ ಅದು ಪಾಲುದಾರಿಕೆ ಅಂತ ವಾದ ಮಾಡಬಹುದು," ಎಂದೆ. "ಕೋರ್ಟಿಗೆ ಹೋದ್ರೆ..."

"ತಮ್ಮನ ಮೇಲೆ ಕೋರ್ಟಿಗೆ ಹೋಗೋದಕ್ಕಿಂತ ಸಮುದ್ರಕ್ಕೆ ಹಾರ್ತೀನಿ ಅಂತಾರೆ ಅಪ್ಪ." ಅವಳು ಚೀಲ ಹೆಗಲಿಗೇರಿಸಿದಳು. "ಶನಿವಾರ ಬೆಳಿಗ್ಗೆ ದೋಣಿ ನಿಲ್ಲೋ ದಕ್ಕೆಗೆ ಬನ್ನಿ ಟೀಚರ್. ಏನೂ ಮಾಡೋದು ಬೇಡ, ಸುಮ್ನೆ ಬನ್ನಿ. ಅದೇ ಕೊನೇ ಹಂಚಿಕೆ."

ಹೋಗಬಾರದು ಅಂದುಕೊಂಡೇ ಹೋದೆ. ಬೇರೆಯವರ ಮನೆಯ ಜಗಳದಲ್ಲಿ ತಲೆ ಹಾಕಿದರೆ ನಮ್ಮ ದ್ವೀಪದಲ್ಲಿ ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಎವ್ದೋಕಿಯಾ ದಕ್ಕೆಗೆ ಕಟ್ಟಿಕೊಂಡು ನಿಂತಿದ್ದಳು. ನೀಲಿ ಪಟ್ಟಿಯ ಬಿಳಿ ದೋಣಿ, ಮೂತಿಯ ಬಣ್ಣ ಇನ್ನೂ ಹೊಸದು. ಪಂಡೆಲಿಸ್ ಮೀನಿನ ಪೆಟ್ಟಿಗೆಗಳನ್ನು ದಡಕ್ಕೆ ಎತ್ತಿ ಕೊಡುತ್ತಿದ್ದ. ಅವನಿಗಿಂತ ಕಿರಿಯನಾದರೂ ಫೊಕಾಸ್ ಸೊಟ್ಟ ಮಂಡಿಗಳ ಮೇಲೆ ಗೋಡೆ ಹಿಡಿದು ನಡೆಯುತ್ತಿದ್ದ. ಆಳು ಸರಾಂತಿಸ್ ಬೆಕ್ಕುಗಳನ್ನೂ ಜನರನ್ನೂ ಒಂದೇ ಬಾಯಲ್ಲಿ ಬಯ್ಯುತ್ತಿದ್ದ.

"ಏನು ಟೀಚರಮ್ಮ, ವಕೀಲಿಕೆ ಮಾಡೋಕೆ ಬಂದ್ರಾ?" ಎಂದ ಫೊಕಾಸ್.

"ಮೀನು ತಗೊಳ್ಳೋಕೆ ಬಂದೆ."

"ನಮ್ಮ ಜಂಬೇತಾ ನಿಮ್ಮ ಕಿವಿ ಊದಿದ್ದಾಳೆ, ಗೊತ್ತು ಬಿಡಿ. ಒಂದು ವಾರ ಈ ಮಂಡಿ ಇಟ್ಕೊಂಡು ಬಲೆ ಎಳೀರಿ, ಆಮೇಲೆ ನನಗೆ ಬುದ್ಧಿ ಹೇಳಿ."

ಅವನ ನೋವು ಸುಳ್ಳಲ್ಲ, ಅದೇ ಕಷ್ಟ. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಪಂಡೆಲಿಸ್ ಒದ್ದೆ ಗೋಣಿಯ ಮೇಲೆ ರಾಶಿ ಹಾಕತೊಡಗಿದ. ಇಲ್ಲೊಂದು ದೊಡ್ಡ ಮೀನು ಬಿದ್ದರೆ ಅಲ್ಲೆರಡು ಸಣ್ಣವು, ಕೆಂಪು ಮೀನು ಎಲ್ಲಕ್ಕೂ ಸಮಸಮ. ರಾಶಿ ಮಾಡುವವನು ತನಗೆ ಬೇಕಾದ್ದನ್ನು ಎತ್ತಿಕೊಳ್ಳಬಾರದಲ್ಲ, ಅದಕ್ಕೆ ನಮ್ಮಲ್ಲಿ ಒಂದು ರೂಢಿಯಿದೆ. ಇನ್ನೊಬ್ಬ ರಾಶಿಗಳಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ರಾಶಿ ಮಾಡಿದವನು ಒಂದೊಂದರ ಮೇಲೂ ಬೆರಳಿಟ್ಟು ಯಾರದು ಎಂದು ಕೇಳುತ್ತಾನೆ. ಬೆನ್ನು ಹಾಕಿದವನು ಹೆಸರು ಕರೆಯುತ್ತಾನೆ. ಕರೆದ ಹೆಸರನ್ನು ವಾಪಸು ತಗೊಳ್ಳುವಂತಿಲ್ಲ. ತನ್ನ ಹೆಸರನ್ನು ಅವನು ಕೊನೆಗೆ ಉಳಿಸಿಕೊಳ್ಳುತ್ತಾನೆ, ಅದು ಮರ್ಯಾದೆ. ಈ ದೋಣಿಯಲ್ಲಿ ಬೆನ್ನು ಹಾಕುವವನು ಮೊದಲಿನಿಂದಲೂ ಫೊಕಾಸ್.

ನಾಲ್ಕು ರಾಶಿ ಆದವು.

"ಇವತ್ತು ಮೂರೇ ಮಾಡು," ಎಂದ ಫೊಕಾಸ್.

ಪಂಡೆಲಿಸ್ ತಲೆಯೆತ್ತಿದ. "ಯಾಕೆ?"

"ಸೋಮವಾರ ಹೋಗೋವಳಿಗೆ ಬಣ್ಣ ಯಾಕೆ, ಹಗ್ಗ ಯಾಕೆ? ಇಷ್ಟು ದಿನ ತಿಂದಳು, ಸಾಕು."

"ಅವಳಾಗಿ ಹೋಗ್ತಿಲ್ಲ ಕಣೋ. ನೀನು ಕಳಿಸ್ತಿದೀಯ."

"ಹೂಂ, ನಾನೇ ಕಳಿಸ್ತಿದೀನಿ! ಕಾಗದದಲ್ಲಿ ನನ್ನ ಹೆಸರಿದೆ. ಬರೋ ದುಡ್ಡಲ್ಲಿ ನಿನಗೆ ಅರ್ಧ ಕೊಡ್ತೀನಿ ಅಂತ ಹೇಳಿದೀನಲ್ಲ ಅಣ್ಣ, ಇನ್ನೇನು ಬೇಕು ನಿನಗೆ? ಮೂರು ಮಾಡು ಅಂದೆ, ಮಾಡು."

ಪಂಡೆಲಿಸ್ ನಾಲ್ಕನೆಯ ರಾಶಿಯಿಂದ ಒಂದೊಂದೇ ಮೀನು ಎತ್ತಿ ಉಳಿದ ಮೂರಕ್ಕೆ ಹಂಚತೊಡಗಿದ. ಜಂಬೇತಾ ನನ್ನ ತೋಳು ಹಿಡಿದಳು. ಯಾವಾಗಲೂ ವಟಗುಟ್ಟುವ ಸರಾಂತಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಂತ್ರ ಸೋಮವಾರ ಒಡೆಯುವುದನ್ನು ನಾವು ಶನಿವಾರವೇ ನೋಡುತ್ತಿದ್ದೆವು.

ಫೊಕಾಸ್ ಬೆನ್ನು ಹಾಕಿ ನಿಂತ. ಅವನೆದುರಿಗೆ ದೋಣಿ ಇತ್ತು, ಬೆನ್ನ ಹಿಂದೆ ಮೂರು ರಾಶಿಗಳು.

"ಇದು ಯಾರದು?" ಪಂಡೆಲಿಸ್ ಕೇಳಿದ.

"ಸರಾಂತಿಸ್‌ದು."

"ಇದು?"

"ಎವ್ದೋಕಿಯಾಳದು."

ಪಂಡೆಲಿಸನ ಬೆರಳು ರಾಶಿಯ ಮೇಲೆ ಹಾಗೇ ನಿಂತಿತು. ಫೊಕಾಸನಿಗೆ ತಾನೇನು ಅಂದೆನೆಂಬ ಪರಿವೆಯೇ ಇರಲಿಲ್ಲ. ದೋಣಿ ನೀರಿಗಿಳಿದಾಗಿನಿಂದ ದಿನಾ ಕರೆದ ಹೆಸರು, ನಾಲಗೆ ತಾನಾಗಿ ಕರೆದಿತ್ತು. ಸರಾಂತಿಸ್ ಏನೋ ಹೇಳಲು ಬಾಯಿ ತೆರೆದ. ಪಂಡೆಲಿಸ್ ಕಣ್ಣಲ್ಲೇ ಅವನನ್ನು ತಡೆದ.

"ಇದು?"

"ನಿಂದು ಅಣ್ಣ."

ಫೊಕಾಸ್ ಬೆನ್ನು ಹಾಕಿಕೊಂಡೇ ಕಾದ.

"ಕೇಳಣ್ಣ, ಇನ್ನೊಂದು?"

"ಇನ್ನೊಂದಿಲ್ಲ," ಎಂದ ಪಂಡೆಲಿಸ್.

ಫೊಕಾಸ್ ತಿರುಗಿದ. ಮೂರು ರಾಶಿಗಳನ್ನು ನೋಡಿದ, ನಮ್ಮ ಮುಖಗಳನ್ನು ನೋಡಿದ, ಮತ್ತೆ ರಾಶಿಗಳನ್ನು ನೋಡಿದ. ಅವನಿಗೆ ಅರ್ಥವಾದದ್ದು ನಮಗೆಲ್ಲ ಕಾಣಿಸಿತು. ಕಾಗದದಲ್ಲಿ ಹೆಸರಿದ್ದವನಿಗೆ ಒಂದು ಮೀನೂ ಇರಲಿಲ್ಲ. ಕಾಗದದಲ್ಲಿ ಇಲ್ಲದವಳಿಗೆ ಅವನ ಬಾಯಿಂದಲೇ ಒಂದು ರಾಶಿ ಬಂದಿತ್ತು. ಹಲಗೆಯ ಮೇಲೆ ಇಷ್ಟು ವರ್ಷ ಬರೆದ ಆ ಮೈಯಿಲ್ಲದ ವ್ಯಕ್ತಿ ನನ್ನ ಕಣ್ಣೆದುರು ದಕ್ಕೆಗೆ ಕಟ್ಟಿಕೊಂಡು ಮೆಲ್ಲಗೆ ತೂಗುತ್ತಿದ್ದಳು. ನನಗೆ ಚರ್ಚಿನೊಳಗೂ ಅಂಥ ಭಕ್ತಿ ಬಂದದ್ದಿಲ್ಲ.

"ಕರೆದದ್ದು ಕರೆದಾಯ್ತು," ಎಂದ ಸರಾಂತಿಸ್ ಕೊನೆಗೆ, ಮೆತ್ತಗೆ.

"ಗೊತ್ತು ಕಣೋ ಮುದುಕ, ನನಗೇ ಹೇಳಿಕೊಡ್ಬೇಡ," ಎಂದು ಫೊಕಾಸ್ ಗದರಿದ. ದನಿಯಲ್ಲಿ ಬಲವಿರಲಿಲ್ಲ. ಪಂಡೆಲಿಸ್ ತನ್ನ ರಾಶಿಯಿಂದ ಎರಡು ಮೀನು ಎತ್ತಿ ಚಾಚಿದ. ಫೊಕಾಸ್ ತಲೆಯಾಡಿಸಿ ಬೇಡವೆಂದ.

ಜಂಬೇತಾ ನನ್ನ ಕಡೆ ತಿರುಗಿದಳು. ತರಗತಿಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು.

"ಟೀಚರ್, ಕಂಪನಿ ತನ್ನ ಆಸ್ತಿಯಿಂದ ಯಾರಿಗಾದ್ರೂ ಏನಾದ್ರೂ ಕೊಡಬಹುದಾ?"

ಅವಳ ಆಟ ನನಗೆ ತಿಳಿಯಿತು. ನಾನೂ ಪಾಠದ ದನಿ ತಂದುಕೊಂಡೆ.

"ಕೊಡಬಹುದು. ಪಾಲುದಾರರೆಲ್ಲಾ ಒಪ್ಪಬೇಕು."

"ನಾನು ಒಪ್ಪಿದೆ," ಎಂದ ಸರಾಂತಿಸ್. "ಇವನು ಬರಿಗೈಲಿ ಮನೆಗೆ ಹೋದ್ರೆ ಹೆಂಡತಿ ನನ್ನೇ ಬಯ್ಯೋದು."

"ನನ್ನ ಒಪ್ಪಿಗೇನೂ ಇದೆ," ಎಂದ ಪಂಡೆಲಿಸ್.

ಎಲ್ಲರೂ ಫೊಕಾಸನನ್ನು ನೋಡಿದೆವು. ಅವನು ಒಪ್ಪಿದರೆ ದೋಣಿ ಅವನ ವಸ್ತುವಲ್ಲ, ಅವಳಿಗೂ ತನ್ನದೆಂಬುದಿದೆ ಎಂದು ಒಪ್ಪಿದಂತೆ. ಒಪ್ಪದಿದ್ದರೆ ಬರಿಗೈ. ಅವನು ಬಹಳ ಹೊತ್ತು ದೋಣಿಯ ಮೂತಿಯ ಮೇಲಿನ ಹೆಸರನ್ನೇ ನೋಡಿದ.

"ಒಪ್ಪಿದೆ," ಎಂದ.

ಜಂಬೇತಾ ದೋಣಿಯ ರಾಶಿಯಿಂದ ಎಲ್ಲಕ್ಕಿಂತ ದೊಡ್ಡ ಕೆಂಪು ಮೀನನ್ನು ಎತ್ತಿ ಚಿಕ್ಕಪ್ಪನ ಎರಡೂ ಕೈಯಲ್ಲಿಟ್ಟಳು. ಅದನ್ನು ಹಿಡಿದುಕೊಂಡೇ ಅವನು ಅಣ್ಣನ ಕಡೆ ತಿರುಗಿದ.

"ಅಮ್ಮನೂ ಹಿಂಗೇ ಮಾಡ್ತಿದ್ಳು," ಎಂದ. "ತನ್ನ ತಟ್ಟೇಲಿರೋದನ್ನೇ ತೆಗೆದು ನನಗೆ ಹಾಕ್ತಿದ್ಳು. ನೆನಪಿದೆಯಾ?"

"ನನಗೆ ನೆನಪಿಲ್ದೆ ಇರುತ್ತಾ? ನನಗೆ ಹಾಕ್ತಾನೇ ಇರ್ಲಿಲ್ಲ," ಎಂದ ಪಂಡೆಲಿಸ್. ಇಬ್ಬರೂ ನಕ್ಕರು, ಅತ್ತರು, ಯಾವುದು ಯಾವುದೆಂದು ನನಗೆ ಗೊತ್ತಾಗಲಿಲ್ಲ.

ಫೊಕಾಸ್ ತೋಳಿನಿಂದ ಮೂಗು ಒರೆಸಿಕೊಂಡ. "ಸೋಮವಾರ ಕಚೇರಿಗೆ ನೀನೂ ಬಾ. ಒಡೆಯೋ ಕಾಗದಕ್ಕೆ ನಾನು ರುಜು ಹಾಕಲ್ಲ. ನಿನ್ನ ಹೆಸರು ಸೇರಿಸೋಣ. ಸರಾಂತಿಸ್‌ದೂ ಸೇರಿಸೋಣ, ಇಲ್ದಿದ್ರೆ ಸಾಯೋವರ್ಗೂ ಕೊರೀತಾನೆ. ನಾನಿನ್ನು ದಡದಲ್ಲಿ ಕೂತು ಬಲೆ ಹೆಣೀತೀನಿ. ಟೀಚರಮ್ಮ, ಕಂಪನಿ ಮಾಡೋಕೆ ಏನೇನು ಬೇಕು?"

"ಮೊದಲು ಒಂದು ಹೆಸರು ಬೇಕು," ಎಂದೆ.

"ಅದಿದೆಯಲ್ಲ," ಎಂದ ಅವನು.

ಮೀನು ಕೊಳ್ಳಲು ಬಂದೆನೆಂದು ಹೇಳಿದ್ದೆನಲ್ಲ, ಎವ್ದೋಕಿಯಾಳ ರಾಶಿಯಿಂದಲೇ ಒಂದು ಹಿಡಿ ತೂಗಿಸಿಕೊಂಡೆ. ಪರ್ಸು ತೆಗೆದು ಫೊಕಾಸನ ಕಡೆ ಹಣ ಚಾಚಿದಾಗ ಅವನು ಕೈ ಹಿಂದಕ್ಕೆಳೆದುಕೊಂಡ. ಕಷ್ಟಪಟ್ಟು ಮಂಡಿಯೂರಿ ದೋಣಿಯೊಳಗೆ ಬಗ್ಗಿ, ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆ ಹಿಡಿದ.

"ನನಗಲ್ಲ ಟೀಚರಮ್ಮ," ಎಂದ. "ಅವಳಿಗೆ ಕೊಡಿ."