ಬಾಯಿಂದ ಲೋಡ್ ಮಾಡಿದ್ದು

ಇದು ನಡೆದ ಕಥೆ, ಸುಳ್ಳು ಬೆರೆಸಿಲ್ಲ. ಸುಳ್ಳೇ ಬೇಕೆನ್ನುವವರು ನನ್ನ ಭಾವನನ್ನು ಊಟಕ್ಕೆ ಕರೆದು ನೋಡಿ. "ಒಂದೇ ಒಂದು ಸ್ಕ್ರೂ, ಬಂದೇಬಿಟ್ಟೆ" ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನಂತೂ ಕೇಳಿಲ್ಲ.

ಭಾವ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಮೇಲೆ ಕೆಳಗೆ, ಮೇಲೆ ಕೆಳಗೆ. ಮನೆಗೆ ಬಂದ ಮೇಲಾದರೂ ಎಲ್ಲೋ ಒಂದು ಮಹಡಿಯಲ್ಲಿ ನಿಲ್ಲಬೇಕಲ್ಲ, ಇಲ್ಲ. ನಿಂತುಕೊಂಡೇ ಕಾಫಿ ಕುಡಿಯುತ್ತಾರೆ, ನಡೆಯುತ್ತಾ ಪೇಪರ್ ಓದುತ್ತಾರೆ. ಮಾತಿಗೆ ನಿಲ್ಲಿಸಿಕೊಂಡರೆ ಜೇಬಿನೊಳಗೆ ಸ್ಕ್ರೂಡ್ರೈವರ್ ತಿರುಗುತ್ತಿರುತ್ತದೆ. ಅವರ ಪಕ್ಕ ಸ್ವಲ್ಪ ಹೊತ್ತು ಇದ್ದರೆ ನಮಗೂ ಕಾಲು ಕುಣಿಯಲು ಶುರು.

ಹುಚ್ಚು ಏನಪ್ಪಾ ಅಂದರೆ ಹಳೇ ಕಂಪ್ಯೂಟರು. ಆಫೀಸಿನವಲ್ಲ. ಒಂದು ಕಾಲದಲ್ಲಿ ಮನೆ ಟೀವಿಗೆ ಸಿಕ್ಕಿಸಿ ಆಟ ಆಡುತ್ತಿದ್ದ, ಇಡೀ ಕಂಪ್ಯೂಟರೇ ಕೀಬೋರ್ಡಿನ ಹೊಟ್ಟೆಯೊಳಗಿರುವ ಪುಟ್ಟ ಮಷೀನುಗಳು. ಗುಜರಿ ಅಂಗಡಿ, ಬಾಗಿಲು ಹಾಕಿದ ಟ್ಯೂಷನ್ ಕ್ಲಾಸು, ಗುರುತೇ ಇಲ್ಲದವರ ಅಟ್ಟ, ಎಲ್ಲಿಂದಲೋ ಹೊತ್ತು ತರುತ್ತಾರೆ. ಬಿಚ್ಚುತ್ತಾರೆ, ಒಣಗಿದ ಕೆಪಾಸಿಟರ್ ಕಿತ್ತು ಹೊಸದು ಬೆಸುಗೆ ಹಾಕುತ್ತಾರೆ, ಮೆಮೊರಿ ಹೆಚ್ಚಿಸುತ್ತಾರೆ, ಮುಚ್ಚುತ್ತಾರೆ, ಸಮಾಧಾನವಾಗದೆ ಮತ್ತೆ ಬಿಚ್ಚುತ್ತಾರೆ. ಹಳದಿ ತಿರುಗಿದ ಪ್ಲಾಸ್ಟಿಕ್ಕಿಗೆ ಬ್ಯೂಟಿ ಪಾರ್ಲರಿನವರು ಕೂದಲಿನ ಬಣ್ಣ ತೆಗೆಯಲು ಹಚ್ಚುವ ಕ್ರೀಮು ಬಳಿದು, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಟೆರೇಸಿನ ಬಿಸಿಲಿಗೆ ಮಲಗಿಸುತ್ತಾರೆ. "ನನ್ನ ತಲೆ ಕಪ್ಪು ಮಾಡೋಕೆ ಒಂದು ಡಬ್ಬಿ, ಅದರ ತಲೆ ಬೆಳ್ಳಗೆ ಮಾಡೋಕೆ ಇನ್ನೊಂದು ಡಬ್ಬಿ. ಅಂಗಡಿಯವಳು ನಮ್ಮ ಮನೇಲಿ ಎಷ್ಟು ಜನ ಹೆಂಗಸರು ಅಂತ ಕೇಳಿದ್ಲು" ಅನ್ನುತ್ತಾಳೆ ಅಕ್ಕ.

ಭಾವನ ಮುದ್ದಿನದು ರಬ್ಬರ್ ಕೀಗಳ ಒಂದು ಕರಿ ಮಷೀನು. ನಾನು ಅದಕ್ಕೆ ಬೊಚ್ಚುಬಾಯಿ ಅಂತ ಹೆಸರಿಟ್ಟೆ. ಹೆಸರು ನಿಂತಿತು, ಭಾವ ಮಾತ್ರ ನಿಲ್ಲಲಿಲ್ಲ.

ಹಿಂದೆ ಬೊಚ್ಚುಬಾಯಿಗೆ ಆಟ ತುಂಬಬೇಕಾದರೆ ಟೇಪ್ ರೆಕಾರ್ಡರ್ ಬೇಕಿತ್ತು. ಆಟವೆಲ್ಲ ಕ್ಯಾಸೆಟ್ಟಿನಲ್ಲಿ ಶಬ್ದವಾಗಿ ಕೂತಿರುತ್ತದೆ. ಮೊದಲು "ಪೀ..." ಅಂತ ಉದ್ದನೆಯ ಸೀಟಿ. ಆಮೇಲೆ "ಕಿರ್ರ್‌ರ್ ಗುರ್ರ್‌ರ್" ಅಂತ, ಮಿಕ್ಸಿಯೊಳಗೆ ಚಮಚ ಬಿದ್ದ ಹಾಗೆ. ಆ ಶಬ್ದ ಒಂದು ವೈರಿನಲ್ಲಿ ಹಾದು ಮಷೀನಿನ ಹೊಟ್ಟೆಗೆ ಇಳಿಯುತ್ತದೆ. ಇಳಿಯುವಷ್ಟು ಹೊತ್ತೂ ಟೀವಿ ಪರದೆಯ ಅಂಚಿನಲ್ಲಿ ಬಣ್ಣದ ಗೆರೆಗಳು ಕುಣಿಯುತ್ತವೆ. ನಡುವೆ ಯಾರ ಮೊಣಕೈಯಾದರೂ ಮೇಜಿಗೆ ತಾಗಿತೋ, ಎಲ್ಲ ಹೋಯಿತು, ಮತ್ತೆ ಮೊದಲಿಂದ. ಹಾಗಾಗಿ ಲೋಡ್ ಆಗುವ ತನಕ ಭಾವ ಮಿಸುಕಾಡದೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅವರು ಕೂರುತ್ತಿದ್ದದ್ದು ಆಗ ಮಾತ್ರ.

ಅಕ್ಕ ಮದುವೆಯಾದ ಹೊಸದರಲ್ಲೇ ಇದನ್ನು ಪತ್ತೆ ಮಾಡಿದ್ದಳು. ಸಂಸಾರದ ಮಾತೆಲ್ಲ ಆ ಕಿರ್ರ್ ಗುರ್ರ್ ನಡುವೆಯೇ. ಬಾಡಿಗೆ ಮನೆ ಬದಲಿಸಿದ್ದು, ಮಗಳನ್ನು ಹಾಸ್ಟೆಲ್ಲಿಗೆ ಹಾಕಿದ್ದು, ನನಗೆ ಬಂದಿದ್ದ ಸಂಬಂಧ ಬೇಡ ಅಂದದ್ದು, ಎಲ್ಲ ತೀರ್ಮಾನವಾದದ್ದು ಆಟ ಲೋಡ್ ಆಗುವಾಗ.

ಈಚೆಗೆ ಭಾವ ಬೊಚ್ಚುಬಾಯಿಯನ್ನು ಅಪ್‌ಗ್ರೇಡ್ ಮಾಡಿದರು. ಬೆನ್ನಿಗೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ಅದರಲ್ಲಿ ಉಗುರಿನಷ್ಟು ಮೆಮೊರಿ ಕಾರ್ಡು, ಕಾರ್ಡಿನಲ್ಲಿ ಜಗತ್ತಿನ ಆಟವೆಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಲೋಡ್. ಆ ಡಬ್ಬಿಗಾಗಿ ಟೇಪ್ ರೆಕಾರ್ಡರನ್ನೇ ಇನ್ನೊಬ್ಬ ಹುಚ್ಚನಿಗೆ ಅದಲು ಬದಲಾಗಿ ಕೊಟ್ಟುಬಿಟ್ಟರು. ಹೋಗಲಿ, ಬೇಗ ಬಂದ ಆಟವನ್ನು ಆಡಿದರೇ? ತೆರೆಯಿತು ಅಂತ ಖಾತ್ರಿಯಾದರೆ ಮುಂದಿನದು. ಅದೂ ತೆರೆಯಿತಾ, ಅದರ ಮುಂದಿನದು. ನಂತರ ಎದ್ದು ಬಾಲ್ಕನಿಗೆ, ಬಾಲ್ಕನಿಯಿಂದ ಬೆಸುಗೆ ಮೇಜಿಗೆ.

ಅಕ್ಕನಿಗೆ ಕುತ್ತಿಗೆಗೆ ಬಂದದ್ದು ಸರಿಯಾಗಿ ಇದೇ ಹೊತ್ತಿಗೆ.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೇರೆ ಊರಲ್ಲಿ ಆಸ್ಪತ್ರೆಯವರು ಹೊಸ ಶಾಖೆ ತೆರೆಯುತ್ತಿದ್ದರು. ಅಲ್ಲಿನ ಲ್ಯಾಬಿಗೆ ಇವಳೇ ಮುಖ್ಯಸ್ಥೆ ಆಗಬೇಕು ಅಂತ ಕೇಳಿದ್ದರು. ಸೋಮವಾರ ಹೂಂ ಅಥವಾ ಊಹೂಂ ಹೇಳಬೇಕು. ಅವಳಿಗೆ ಹೋಗುವ ಆಸೆ ಎಷ್ಟಿತ್ತೆಂದರೆ, ಬಾಯಲ್ಲಿ ಆಡಿದರೆ ಎಲ್ಲಿ ಜಾರಿಹೋಗುತ್ತದೋ ಅಂತ ನನಗೂ ಪಿಸುಗುಟ್ಟಿಯೇ ಹೇಳಿದಳು.

"ಭಾವನಿಗೆ ಹೇಳಿದ್ಯಾ?"

"ಯಾರಿಗೆ ಹೇಳ್ಲಿ? ಬೆನ್ನಿಗಾ? ವಾರದಿಂದ ಆ ಬೆನ್ನಿನ ಹಿಂದೆ ಸುತ್ತುತಾ ಇದೀನಿ. 'ಒಂದು ಮಾತು' ಅಂದ ತಕ್ಷಣ ಬಲ್ಬು ಹುಡುಕೋಕೆ ಹೋಗ್ತಾರೆ. ಬಲ್ಬು ತಂದ್ರೆ ಹೋಲ್ಡರ್ ಹುಡುಕೋಕೆ."

"ಓಡ್ತಾ ಇರುವಾಗ್ಲೇ ಹೇಳಿಬಿಡು."

"ಹತ್ತಾರು ವರ್ಷ ಇದ್ದ ಊರು ಬಿಟ್ಟು ಬನ್ನಿ ಅಂತ ಕೇಳೋ ಮಾತು ಕಣೋ ಅದು. ಚಪ್ಪಲಿ ಹಾಕ್ಕೊಳ್ತಾ ಇರೋರ ಹತ್ರ ಹೇಳೋದಾ? 'ಹಾಂ ಹಾಂ' ಅಂತ ಹೋಗಿಬಿಡ್ತಾರೆ. ಆ ಹಾಂ ನನಗೆ ಬೇಡ. ಊಹೂಂ ಆದ್ರೂ ಪರವಾಗಿಲ್ಲ, ಕೂತು ಹೇಳ್ಲಿ."

ಹೇಳುತ್ತಲೇ ಅವಳು ಮೇಜಿನ ಮೇಲಿದ್ದ ಒಂದೇ ಲೋಟವನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಇಡುತ್ತಿದ್ದಳು. ಆ ಮನೆಯಲ್ಲಿ ಚಡಪಡಿಕೆ ನೆಗಡಿಯ ಹಾಗೆ, ಒಬ್ಬರಿಂದ ಒಬ್ಬರಿಗೆ. ನಾನು ಆಗಲೇ ಮೂರನೇ ಸಲ ಕುರ್ಚಿ ಬದಲಿಸಿದ್ದೆ.

"ಐದು ನಿಮಿಷ ಕೂರಿಸಿ ಕೊಟ್ರೆ ಸಾಕಾ?"

"ಹಗ್ಗ ತರ್ತೀಯಾ?"

ಹಗ್ಗ ಯಾಕೆ, ನನಗೆ ಬಾಯಿದೆ. ಬಾಯೇ ನನ್ನ ಕೆಲಸ. ರೇಡಿಯೋ ಜಾಹೀರಾತಿನಲ್ಲಿ ನೀವು ಕೇಳುವ ಕುಕ್ಕರ್ ಸೀಟಿ, ಅಳುವ ಮಗು, ಮಗುವಿನ ಅಜ್ಜಿ, ಅಜ್ಜಿಯ ಕೆಮ್ಮು, ಎಲ್ಲ ನಾನೇ. ಒಂದೇ ಸಂಬಳಕ್ಕೆ ಅವಿಭಕ್ತ ಕುಟುಂಬ.

ಆವತ್ತು ನನ್ನ ರೂಮಿಗೆ ಹೋಗಿ, ಭಾವನ ಸಹವಾಸದಲ್ಲಿ ಕಲಿತ ಅಷ್ಟಿಷ್ಟರಲ್ಲೇ ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಬೊಚ್ಚುಬಾಯಿಯೊಳಗೆ ಅದು ತೆಪ್ಪಗೆ ಕಪ್ಪು ಪರದೆ ತೋರಿಸಿಕೊಂಡಿರುತ್ತದೆ. ಕೀ ಒತ್ತಿದರೆ, ಟೇಪಿನಿಂದ ಲೋಡ್ ಆಗುವಾಗ ಬರುತ್ತಿದ್ದ ಗೆರೆಗಳನ್ನೇ ತನ್ನಷ್ಟಕ್ಕೆ ಕುಣಿಸುತ್ತಾ ಹೋಗುತ್ತದೆ. ಐದು ನಿಮಿಷ ಕಳೆದ ಮೇಲೆ, ಮೊದಲೇ ಒಳಗೆ ಬಚ್ಚಿಟ್ಟಿರುವ ಬಾವಲಿ ಆಟ ತೆರೆಯುತ್ತದೆ. ಶಬ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸಂಬಂಧ ಕಟ್ಟುವ ಕೆಲಸ ನನ್ನದು.

ಭಾನುವಾರ ಮಧ್ಯಾಹ್ನ ಭಾವ ಹಾಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಾ ಒಂದು ವೈರಿನ ತುದಿ ಕೆರೆಯುತ್ತಿದ್ದರು. ನಾನು ಸೋಫಾದಲ್ಲಿ ಕೂತು, ನನ್ನ ಪಾಡಿಗೆ ನಾನು ಎನ್ನುವ ಹಾಗೆ, ಶುರು ಮಾಡಿದೆ. "ಪೀ... ಕಿರ್ರ್‌ರ್ ಗುರ್ರ್‌ರ್..."

ಭಾವ ಗಕ್ಕನೆ ತಿರುಗಿದರು. "ಲೋ! ಟೇಪ್ ಎಲ್ಲಿ ಸಿಕ್ತೋ?"

"ಟೇಪಲ್ಲ ಭಾವ, ಬಾಯಿ."

"ಇನ್ನೊಂದ್ಸಲ ಮಾಡು." ಮಾಡಿದೆ. ತಲೆದೂಗಿದರು. "ಶಬ್ದ ಪರವಾಗಿಲ್ಲ. ಆದ್ರೆ ಶಬ್ದ ಆದ್ರೆ ಆಯ್ತಾ? ಅದರೊಳಗೆ ಆಟ ಇರಬೇಡ್ವಾ?"

"ಇದೆ. ಬಾವಲಿ ಆಟ. ಪೂರ್ತಿ ಬಾಯಿಪಾಠ ಮಾಡಿದೀನಿ."

"ಬಾಯಿಪಾಠ!" ಭಾವ ವೈರು ಕೆಳಗಿಟ್ಟರು. ಕೈಯಲ್ಲಿದ್ದದ್ದನ್ನು ಅವರು ಕೆಳಗಿಡುವುದು ಅಪರೂಪ. "ಮನುಷ್ಯರ ಬಾಯಿಂದ ಲೋಡ್ ಆದ್ರೆ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ರಿಪೇರಿ ಮಾಡ್ತೀನಿ."

"ಆಗಲಿಲ್ಲ ಅಂದ್ರೆ ಇನ್ಮೇಲೆ ನೆಂಟರ ಮುಂದೆ ನಿಮ್ಮ ಮಿಮಿಕ್ರಿ ಮಾಡಲ್ಲ."

ಈ ಮಾತಿಗೆ ಅವರ ಮುಖ ಅರಳಿದ್ದು ನೋಡಿ ನನಗೆ ಸ್ವಲ್ಪ ಬೇಜಾರೇ ಆಯಿತು. ಮೈಕ್ ತರಲು ಒಳಗೆ ಓಡಿದರು. ಅಷ್ಟರಲ್ಲಿ, ಅವರ ಕಾರ್ಡಿಗೆ ಮೊದಲೇ ಗುಟ್ಟಾಗಿ ಹಾಕಿಟ್ಟಿದ್ದ ನನ್ನ ಪ್ರೋಗ್ರಾಂ ಮಷೀನಿಗೆ ಇಳಿಸಿ, ಕಾರ್ಡು ಕಿತ್ತು, ಅವರು ಬಂದ ಕೂಡಲೇ ಅವರ ಅಂಗಿ ಜೇಬಿಗೇ ಹಾಕಿದೆ. "ನೋಡ್ಕೊಳ್ಳಿ ಭಾವ, ಕಾರ್ಡ್ ನಿಮ್ಮ ಹತ್ರಾನೇ ಇದೆ. ಮೋಸ ಇಲ್ಲ."

ಮೈಕಿನ ವೈರನ್ನು ಒಂದು ಪುಟ್ಟ ಆಂಪ್ಲಿಫೈಯರ್ ಮೂಲಕ ಬೊಚ್ಚುಬಾಯಿಯ ಕಿವಿಗೆ ಸಿಕ್ಕಿಸಿದರು. ನಾನು ನಿಯಮ ಹೇಳಿದೆ. "ನೀವು ಇಲ್ಲಿ ಕೂರಿ. ಮೈಕ್ ನನ್ನ ಬಾಯಿಂದ ನಾಲ್ಕು ಬೆರಳು ದೂರ ಹಿಡ್ಕೊಳ್ಳಿ. ಕೈ ನಡುಗಬಾರದು, ಕಾಲು ಅಲ್ಲಾಡಿಸಬಾರದು. ನೀವು ಮೈಕಿಗೆ ಹತ್ತಿರ ಇರ್ತೀರಿ, ತುಟಿ ಪಿಟಕ್ ಅನ್ನೋ ಹಾಗಿಲ್ಲ. ದೂರದಲ್ಲಿ ಯಾರು ಏನು ಮಾತಾಡಿದ್ರೂ ತೊಂದರೆ ಇಲ್ಲ."

"ಹೂಂ ಹೂಂ, ಶುರು ಮಾಡೋ" ಅಂತ ಅವರೇ ಕೀ ಒತ್ತಿದರು.

"ಪೀ..." ಅಂದೆ. ಪರದೆಯ ಅಂಚಿನಲ್ಲಿ ಕೆಂಪು, ನೀಲಿ ಗೆರೆಗಳು ಎದ್ದು ನಿಂತವು. ಭಾವನ ಹುಬ್ಬು ಅದಕ್ಕಿಂತ ಮೇಲೆ. "ಕಿರ್ರ್‌ರ್ ಗುರ್ರ್‌ರ್" ಅಂದೆ. ಗೆರೆಗಳು ಸಣ್ಣಗಾಗಿ ಕುಣಿಯತೊಡಗಿದವು. ಭಾವ ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ. ಆಮೇಲೆ ಕಲ್ಲಾಗಿ ಕೂತರು. ಕಣ್ಣು ನನ್ನ ಬಾಯಿಯ ಮೇಲೆ, ಚಾಚಿದ ಕೈಯಲ್ಲಿ ಮೈಕು. ನಾನು ಗುರ್ರ್ ಅನ್ನುತ್ತಲೇ ಅಕ್ಕನಿಗೆ ಕಣ್ಣು ಮಿಟುಕಿಸಿದೆ.

ಅಕ್ಕ ಬಾಗಿಲ ಹತ್ತಿರ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ವಾರವಿಡೀ ಹುಡುಕಿದ ಅವಕಾಶ ಎದುರಿಗೆ ಬಂದು ಕೂತರೆ ಅವಳಿಗೆ ಮಾತೇ ಹೊರಡುತ್ತಿಲ್ಲ! ನಾನು ಹುಬ್ಬು ಹಾರಿಸಿದೆ. ಕಿರ್ರ್ ಅನ್ನುತ್ತಲೇ ಕಾಲಿನಿಂದ ನೆಲ ತಟ್ಟಿದೆ. ಉಸಿರು ಮುಗಿದು ಗಬಕ್ಕನೆ ಇನ್ನೊಂದು ಎಳೆದುಕೊಂಡು ಮುಂದುವರಿಸಿದೆ. ಮಾತಾಡೇ ತಾಯಿ!

"ರೀ" ಅಂದಳು ಕೊನೆಗೆ. "ನಿಮ್ಮ ಹತ್ರ ಒಂದು ಮಾತು."

ಭಾವನ ಭುಜ ಬಿಗಿಯಿತು. ಏಳುತ್ತಾರೆ ಅಂದುಕೊಂಡೆ, ನನ್ನ ಎದೆ ಬಾಯಿಗೆ ಬಂತು, ಬಾಯಲ್ಲಿ ಮೊದಲೇ ಜಾಗ ಇರಲಿಲ್ಲ. ಏಳಲಿಲ್ಲ.

"ಗುರ್ರ್‌ರ್" ಅಂದೆ.

"ಹೊಸ ಶಾಖೆಗೆ ನನ್ನ ಕರೀತಿದಾರೆ. ಲ್ಯಾಬು ಪೂರ್ತಿ ನನ್ನ ಕೈಗೆ." ಅಕ್ಕ ನನ್ನ ಗಲಾಟೆಗಿಂತ ದನಿ ಏರಿಸಬೇಕಾಗಿ, ಬಸ್‌ಸ್ಟ್ಯಾಂಡಿನಲ್ಲಿ ಗುಟ್ಟು ಹೇಳುವವಳ ಹಾಗೆ ಕೂಗುತ್ತಿದ್ದಳು. "ಇಷ್ಟು ವರ್ಷ ಇನ್ನೊಬ್ಬರು ಹೇಳಿದ ಹಾಗೆ ಮಾಡಿದೀನಿ. ನನಗೇ ಗೊತ್ತಿತ್ತು ಅದು ಸರಿಯಿಲ್ಲ ಅಂತ, ಆದ್ರೂ ಮಾಡಿದೀನಿ. ಒಂದ್ಸಲ ನನ್ನ ಥರ ಮಾಡಿ ನೋಡಬೇಕು ಅಂತ ಆಸೆ."

"ಕಿರ್ರ್‌ರ್."

"ಆದ್ರೆ ಊರು ಬೇರೆ. ಈ ಮನೆ, ನಿಮ್ಮ ಗುಜರಿ ಗೆಳೆಯರು, ನಿಮ್ಮ ಕಂಪನಿ, ಎಲ್ಲ ಬಿಟ್ಟು ಬರಬೇಕು. ನಾಳೆ ಹೇಳಬೇಕು ನಾನು. ಬರಲ್ಲ ಅಂದ್ರೆ ಬೇಡ ಅಂತ ಹೇಳಿಬಿಡ್ತೀನಿ. ಆದ್ರೆ ಬೇಡ ಅಂದ ಮೇಲೆ ಜೀವನಪೂರ್ತಿ ನಿಮ್ಮನ್ನ ಚುಚ್ತಾ ಇರ್ತೀನಿ, ಅದನ್ನೂ ಈಗಲೇ ಹೇಳ್ತೀನಿ." ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಒಬ್ಬಳೇ ಹೋಗೋಕೆ ಮನಸ್ಸಿಲ್ಲ ರೀ. ಬರ್ತೀರಾ?"

ನನ್ನ ಗಂಟಲು ಹರಿದು ಬರುತ್ತಿತ್ತು. ಕಣ್ಣಲ್ಲಿ ನೀರು, ಕಿರ್ರ್ ಹೋಗಿ ಕೆರ್ರ್ ಆಗಿತ್ತು. ಆದರೂ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಈ ಮನುಷ್ಯ ಎದ್ದು ಸ್ಕ್ರೂ ಹುಡುಕಲು ಹೋಗುತ್ತಾರೆ, ಅವಳ ಪ್ರಶ್ನೆ ಹಾಲಿನ ನಡುವೆ ಅನಾಥವಾಗುತ್ತದೆ. ಭಾವ ಮಾತ್ರ ಹೂಂ ಇಲ್ಲ, ಊಹೂಂ ಇಲ್ಲ. ಪರದೆಯ ಗೆರೆಗಳನ್ನು ನೋಡುತ್ತಾ ಕೂತಿದ್ದರು. ಅಕ್ಕನ ಮುಖ ಇಳಿಯುತ್ತಾ ಬಂತು. ತುಟಿ ಬಿಚ್ಚಬಾರದು ಅಂತ ನಿಯಮ ಮಾಡಿದ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆಗ ಭಾವ ಮೈಕನ್ನು ನನ್ನ ಬಾಯಿಂದ ಮೆಲ್ಲಗೆ ತಿರುಗಿಸಿ ತಮ್ಮ ಬಾಯಿಗೆ ಹಿಡಿದುಕೊಂಡರು. ಸಭೆಯಲ್ಲಿ ಭಾಷಣಕ್ಕೆ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡು, ಅದರೊಳಕ್ಕೇ ಹೇಳಿದರು.

"ಲಿಫ್ಟು ಎಲ್ಲಾ ಊರಲ್ಲೂ ಕೆಡುತ್ತೆ ಕಣೇ. ಬರ್ತೀನಿ."

ಗೆರೆಗಳು ತಮ್ಮ ಪಾಡಿಗೆ ಕುಣಿಯುತ್ತಲೇ ಇದ್ದವು. ನಾನೂ ದಿಕ್ಕು ತೋಚದೆ ಕಿರ್ರ್ ಅನ್ನುತ್ತಲೇ ಇದ್ದೆ.

"ನಿಲ್ಲಿಸಬೇಡ ಕಣೋ, ಇನ್ನೂ ರೆಕ್ಕೆ ಲೋಡ್ ಆಗಿಲ್ಲ" ಅಂದರು ಭಾವ, ನನ್ನ ಕಡೆ ತಿರುಗಿ.

ನಾನು ನಿಲ್ಲಿಸಿದೆ. ಗೆರೆಗಳು ನಿಲ್ಲಲಿಲ್ಲ. ಮೂವರೂ ಪರದೆ ನೋಡಿದೆವು. ಬೊಚ್ಚುಬಾಯಿ ಮಾತ್ರ ನಾಚಿಕೆಯಿಲ್ಲದೆ ಲೋಡ್ ಆಗುತ್ತಿದೆ.

"ಯಾವಾಗ ಗೊತ್ತಾಯ್ತು?" ನನ್ನ ದನಿ ಯಾರದೋ ದನಿಯ ಹಾಗಿತ್ತು. ಈ ಸಲ ಮಿಮಿಕ್ರಿ ಮಾಡಿರಲಿಲ್ಲ.

"ನೀನು ಮೊದಲನೇ ಸಲ ಉಸಿರು ತಗೊಂಡ್ಯಲ್ಲ, ಆಗ. ನೀನು ನಿಂತ್ರೂ ಗೆರೆ ನಿಲ್ಲಲಿಲ್ಲ. ಟೇಪಿಗೆ ಉಸಿರಾಡೋ ಚಟ ಇಲ್ಲ ಕಣೋ."

"ಹಾಗಾದ್ರೆ ಆಗಲೇ ಯಾಕೆ ಏಳಲಿಲ್ಲ?" ಇದು ಅಕ್ಕ.

ಭಾವ ಮೈಕಿನ ವೈರನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ನೀನು ವಾರದಿಂದ ಹಿಂದೆ ಹಿಂದೆ ಬರ್ತಿದ್ದೆ. ಈ ಮಷೀನೆಲ್ಲ ಮಾರಿ ಅಂತ ಹೇಳೋಕೆ ಅಂದ್ಕೊಂಡಿದ್ದೆ. ಅದಕ್ಕೇ ಸಿಗದ ಹಾಗೆ ಓಡ್ತಾ ಇದ್ದೆ. ಇವತ್ತು ಇವನು ಇಷ್ಟು ಕಷ್ಟಪಡೋದು ನೋಡಿ, ಓಡಿದ್ದು ಸಾಕು, ಮಾರು ಅಂದ್ರೂ ಕೇಳೋಣ ಅಂತ ಕೂತೆ. ನೋಡಿದ್ರೆ..."

"ಮಾರಿ ಅಂತಾನಾ? ನಾನಾ?" ಅಕ್ಕ ಸೋಫಾದ ಮೇಲೆ ಕುಸಿದು ಕೂತಳು. "ನನಗೆ ಮಷೀನಿನ ಯೋಚನೆ ಎಲ್ಲಿತ್ತು ರೀ! ಬೇಕಾದ್ರೆ ಅವಕ್ಕೊಂದು ಲಾರಿ ಮಾಡ್ಕೊಂಡು ಹೋಗೋಣ!"

"ಮತ್ತೆ ನನ್ನ ಗಂಟಲು?" ಅಂದೆ. "ಗೊತ್ತಾದ ಮೇಲೂ ಅಷ್ಟು ಹೊತ್ತು ಮೈಕ್ ಹಿಡ್ಕೊಂಡೇ ಇದ್ರಲ್ಲ?"

ಭಾವ ನನ್ನ ಕೆಂಪೇರಿದ ಮುಖ ನೋಡಿದರು. ಅವರ ತುಟಿ ಅದುರಿತು. "ಒಂದು ಗಳಿಗೆ..." ಅಂತ ಶುರು ಮಾಡಿದರು, ಹೇಳಿ ಮುಗಿಸಲು ಆಗಲಿಲ್ಲ. ಬಾಯಿ ಉಬ್ಬಿಸಿ, ಕಣ್ಣು ಹೊರಗೆ ತಂದು, ಕತ್ತು ಉದ್ದ ಮಾಡಿ "ಕೆರ್ರ್‌ರ್" ಅಂದರು. ನನ್ನನ್ನೇ! ನನ್ನ ಮಿಮಿಕ್ರಿ ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ, ಅದೂ ಉಸಿರು ಎಳೆದುಕೊಳ್ಳುವ ಗಬಕ್ ಸಮೇತ.

ಅಷ್ಟರಲ್ಲಿ ಬಾವಲಿ ಆಟ ತಾನಾಗಿ ತೆರೆದುಕೊಂಡಿತು. ಆಡುವವರು ಯಾರೂ ಇಲ್ಲದೆ ಬಾವಲಿ ನೇರ ಹೋಗಿ ಗೋಡೆಗೆ ಬಡಿಯಿತು. ಭಾವ ನಗಲು ಶುರು ಮಾಡಿದರು. ಕುರ್ಚಿಯ ಕೈ ಬಡಿದರು, ಮೈಕು ಕೆಳಗೆ ಬಿತ್ತು, ಕಣ್ಣೊರೆಸಿಕೊಂಡು ಮತ್ತೆ ಪರದೆ ನೋಡಿ ಮತ್ತೆ ನಕ್ಕರು. ಅಕ್ಕನೂ ನಗುತ್ತಿದ್ದಳು, ನಾನೂ ಇದ್ದ ಅರ್ಧ ದನಿಯಲ್ಲಿ ನಕ್ಕೆ. ಆದರೆ ಆ ಮನುಷ್ಯ ನಗುತ್ತಿದ್ದ ರಭಸಕ್ಕೆ ನಮ್ಮಿಬ್ಬರ ನಗು ನಮಗೇ ಕೇಳಿಸಲಿಲ್ಲ.