ಜೋಡಿ ಬೆರಳು

"ಮೈಯೆಲ್ಲ ಚೆನ್ನಾಗಿದೆ. ಕಾಲು ಮಾತ್ರ ಗೋಣಿಚೀಲ ಕಟ್ಟಿದ ಹಾಗಿದೆಯಲ್ಲ!" ಗೋಡೆಗೆ ಆನಿಸಿ ನಿಲ್ಲಿಸಿದ್ದ, ಬಟ್ಟೆ ಸುತ್ತಿದ ಹೆಣದ ಮಮ್ಮಿಯನ್ನು ನೋಡುತ್ತ ಫೋಟೋ ತೆಗೆಯುವ ದೊರೆ ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದಲೇ ಗೊಣಗಿದ.

ಝನ್ನೂಬಾಗೆ ಮೈ ಉರಿದುಹೋಯಿತು. ಇಡೀ ಕುರ್ನಾ ಊರಿನಲ್ಲಿ ಹೆಣಕ್ಕೆ ಬಟ್ಟೆ ಸುತ್ತುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮೈದುನ ಅತ್ರೀಸ್ ಹೆಣವನ್ನು ಉಪ್ಪಿನಲ್ಲಿ ಹೂತು ಒಣಗಿಸಿ, ಮುಖಕ್ಕೆ ಡಾಂಬರು ಮೆತ್ತಿ ತರುತ್ತಿದ್ದ. ಗೋರಿಗಳಲ್ಲಿ ಸಿಕ್ಕ ಹಳೆಯ ಬಟ್ಟೆ ಸೀಳಿ, ಹಿಂದಿನವರಂತೆಯೇ ಒಂದೊಂದು ಬೆರಳಿಗೂ ಬೇರೆ ಪಟ್ಟಿ ಸುತ್ತಿ, ದೊರೆಗಳಿಗೆ ಮಾರಲು ಅವಳು ಅದಕ್ಕೆ ಮೂರು ಸಾವಿರ ವರ್ಷ ವಯಸ್ಸು ಕೊಡುತ್ತಿದ್ದಳು. ಎಲ್ಲಿಯ ಹೆಣ ಎಂದು ಒಮ್ಮೆಯೂ ಕೇಳಿದವಳಲ್ಲ.

ಈ ಸಲ ಮಾತ್ರ ಪಾದಗಳನ್ನು ಅವನೇ ಸುತ್ತಿ ತಂದಿದ್ದ. "ಕಾಲು ಮುಟ್ಟಬೇಡ ಅತ್ತಿಗೆ" ಅಂದಿದ್ದ. ಅವಳು ಒಪ್ಪಿ ಕಾಲನ್ನು ಹಾಗೇ ಬಿಟ್ಟಿದ್ದಳು. ಅಸ್ವಾನಿನ ಕಲ್ಲುಗಣಿಗೆ ಹೋದ ಗಂಡ ಬಸ್ತಾವಿ ಈ ಸಲದ ಹಬ್ಬಕ್ಕೆ ಬರುತ್ತಾನೆ ಎಂದು ಸುದ್ದಿ ತಂದವನೂ ಅವನೇ ತಾನೇ! ಆ ಒಂದು ಮಾತಿನ ಮೇಲೆ ಅವಳು ದಿನ ದೂಡುತ್ತಿದ್ದಳು.

"ಹಳೇ ಬಟ್ಟೆ, ಸಡಿಲಾಗಿದೆ ದೊರೆ. ಸರಿಮಾಡ್ತೀನಿ" ಎಂದು ಝನ್ನೂಬಾ ಕುಕ್ಕರುಗಾಲಿನಲ್ಲಿ ಕೂತಳು.

"ಏ, ಬಿಡು ಅತ್ತಿಗೆ! ಬಿಸಿಲು ಹೋಗ್ತಿದೆ!" ಅತ್ರೀಸ್ ಅಡ್ಡ ಬಂದ.

"ಬಿಚ್ಚಲಿ ಬಿಡಯ್ಯಾ, ಬೆರಳು ಕಂಡರೆ ಇನ್ನೂ ಒಳ್ಳೇದು" ಎಂದ ದೊರೆ.

ಅವಳು ಎಡಗಾಲಿನ ಬಟ್ಟೆ ಬಿಚ್ಚಿದಳು. ಎರಡನೆಯ, ಮೂರನೆಯ ಬೆರಳು ಹುಟ್ಟಿನಿಂದಲೇ ಕೂಡಿಕೊಂಡಿದ್ದವು. ಮದುವೆಯಾದ ಹೊಸತರಲ್ಲಿ ಅವಳು ಅದನ್ನು ಕಂಡು ನಕ್ಕಾಗ ಬಸ್ತಾವಿ, "ಗಂಡ ಹೆಂಡ್ತಿ ಕಣೇ, ಒಂದೇ ಹೊದಿಕೆ ಸಾಕು ಇವಕ್ಕೆ" ಅಂದಿದ್ದ.

ಅವಳು ತಲೆಯೆತ್ತಿದಳು. ಅತ್ರೀಸ್ ಮುಖ ತಿರುಗಿಸಲಿಲ್ಲ, ಬಗ್ಗಿ ಪಿಸುಗುಟ್ಟಿದ.

"ಗಣಿಯಲ್ಲಿ ಜ್ವರ ಬಂದು ಸತ್ತುಹೋದ. ಮಣ್ಣು ಮಾಡಿದ್ರೆ ಯಾರಿಗೇನು ಬರೋದು? ಬಾಯಿ ಬಿಟ್ಟೆಯೋ, ನಿನಗೂ ಜೈಲೇ. ಇಷ್ಟು ದಿನ ಸುತ್ತಿದ್ದು ಯಾರ ಕೈ?"

"ಹೆಂಗಸು ಪಕ್ಕದಲ್ಲೇ ನಿಲ್ಲಲಿ, ಎತ್ತರ ಗೊತ್ತಾಗಬೇಕು" ದೊರೆ ಕೂಗಿದ. "ಇಪ್ಪತ್ತು ಎಣಿಸೋವರೆಗೂ ಅಲ್ಲಾಡಬಾರದು."

ಝನ್ನೂಬಾ ನಿಂತಳು. ಅವಳ ತಲೆ ಎಂದಿನಂತೆ ಗಂಡನ ಭುಜಕ್ಕೆ ಬಂತು. ಅಯ್ಯೋ ಎಂದು ಕಿರುಚಬೇಕೆನಿಸಿತು. ದೊರೆ ಎಣಿಸುತ್ತಲೇ ಇದ್ದ. ಅವಳು ಕಣ್ಣು ಮಿಟುಕಿಸಲಿಲ್ಲ.

"ಭೇಷ್! ಇಬ್ಬರೂ ಅಲ್ಲಾಡಲಿಲ್ಲ!" ಎಂದು ದೊರೆ ತನ್ನ ಮಾತಿಗೆ ತಾನೇ ನಕ್ಕು, ಕ್ಯಾಮೆರಾದಿಂದ ತೆಗೆದ ಗಾಜಿನ ತಟ್ಟೆ ಹಿಡಿದು ಗುಡಾರದತ್ತ ಓಡಿದ.

"ಬೇಗ ಸುತ್ತು. ದೊರೆಯ ದೋಣಿ ಕಾಯ್ತಿದೆ" ಎಂದ ಅತ್ರೀಸ್.

ಅವಳು ಮತ್ತೆ ಕೂತು ಬಟ್ಟೆ ಸೀಳಿದಳು. ಹೆಬ್ಬೆರಳಿಗೊಂದು ಪಟ್ಟಿ ಸುತ್ತಿದಳು, ಕಿರುಬೆರಳಿಗೊಂದು, ಅದರ ಪಕ್ಕದ್ದಕ್ಕೊಂದು. ಉಳಿದೆರಡಕ್ಕೆ ಸೇರಿಸಿ ಒಂದೇ ಪಟ್ಟಿ ಹೊದಿಸಿ, ಅಂಚನ್ನು ಮೆಲ್ಲಗೆ ಒಳಗೆ ಸಿಕ್ಕಿಸಿದಳು.