ಹೂವಮ್ಮನ ಮಗನಿಗೆ ಇಲ್ಲದ ಕಾಮಾಲೆ

ಹೊಸನಗರದ ಕಡೆಯ ಹೂವಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವೇ ಇರಲಿಲ್ಲ. ಅದಕ್ಕೇ ಹೇಳಿದ ಒಂದೇ ಒಂದು ಸುಳ್ಳಿನಲ್ಲಿ ಸಿಕ್ಕಿಬಿದ್ದಳು.

ಅದು ಸಾವಿರದ ಒಂಬೈನೂರ ಅರವತ್ತಾರನೇ ಇಸವಿ. ಅವಳ ಮಗ ಜಟ್ಟಪ್ಪ ಸಾಗರದ ಕಾಲೇಜಿನಲ್ಲಿ ಓದುತ್ತಿದ್ದ. ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಅಂಥವನು ಪರೀಕ್ಷೆಗೆ ಎರಡು ತಿಂಗಳಿರುವಾಗ ಟ್ರಂಕು ಹೊತ್ತು ಬಂದು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಊಟ ಸೇರದು, ನಿದ್ದೆ ಬಾರದು, ಮಾತಾಡಿಸಿದರೆ ಕಣ್ಣಲ್ಲಿ ನೀರು. ಹದಿನೈದು ದಿನ ಕಳೆಯುವುದರಲ್ಲಿ ಹೂವಮ್ಮನ ಜೀವ ಬಾಯಿಗೆ ಬಂತು.

"ಎಂತ ಆಯ್ತೇ ಹುಡುಗನಿಗೆ?" ಎಂದು ಕೇರಿಯವರು ಕೇಳಿದರು.

ಓದಿ ಓದಿ ತಲೆ ಕೆಟ್ಟಿದೆ ಅಂದಾರು, ನಾಳೆ ಹೆಣ್ಣು ಕೊಡಲಿಕ್ಕಿಲ್ಲ ಎಂದು ಹೆದರಿ ಅವಳು "ಕಾಮಾಲೆ" ಎಂದುಬಿಟ್ಟಳು.

ಅಯ್ಯೋ, ಕಾಮಾಲೆ ಅಂದಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ! ಮನೆಗೊಂದು ಔಷಧ. ಬೆಳಗಾದರೆ ಒಬ್ಬಳು ನೆಲನೆಲ್ಲಿ ಅರೆದು ತಂದಳು. ಮಧ್ಯಾಹ್ನ ಇನ್ನೊಬ್ಬಳು ಕಹಿ ಕಷಾಯ ತಂದು, ಕುಡಿಯುವವರೆಗೂ ಮುಂದೆ ಕೂತಳು. ಉಪ್ಪು ಕೂಡದು, ಎಣ್ಣೆ ಕೂಡದು, ಮೀನಂತೂ ಹೊಸಿಲು ದಾಟಕೂಡದು ಎಂದು ಊರೇ ಕಟ್ಟಪ್ಪಣೆ ಮಾಡಿತು. ಮೊದಲೇ ಊಟ ಸೇರದ ಹುಡುಗನಿಗೆ ಸಪ್ಪೆ ಗಂಜಿಯೇ ಗತಿಯಾಯಿತು.

ಕೊನೆಗೆ ಕೆರಿಯಮ್ಮ ಬಂದಳು. ಸುತ್ತಲ ಹತ್ತೂರಿಗೆ ಕಾಮಾಲೆ ಔಷಧ ಕೊಡುವ ಮುದುಕಿ ಅವಳು. ಜಟ್ಟಪ್ಪನ ಕಣ್ಣರೆಪ್ಪೆ ಎತ್ತಿ ನೋಡಿದಳು, ಉಗುರು ನೋಡಿದಳು.

"ಹೂವಿ, ಇವನ ಕಣ್ಣು ಹಾಲಿನ ಹಂಗೆ ಬೆಳ್ಳಗಿದೆ. ಎಂತ ಮುಚ್ಚಿಟ್ಟೀಯೆ? ಬಾಯಿ ಬಿಡು."

ಹೂವಮ್ಮ ಗಳಗಳನೆ ಅತ್ತು ಎಲ್ಲ ಹೇಳಿದಳು. ಕೆರಿಯಮ್ಮ ಹುಡುಗನ ಪಕ್ಕ ಕೂತು ಮೆಲ್ಲಗೆ ಕೇಳಿದಳು: "ಮಗಾ, ಬದುಕೋದೇ ಬ್ಯಾಡ ಅನ್ಸುತ್ತಾ?"

"ಒಂದೊಂದ್ಸಲ ಅನ್ಸುತ್ತೆ ಅಜ್ಜಿ. ನಾನು ಎಂತಕ್ಕೂ ಬರದವನು ಅನ್ಸುತ್ತೆ."

ಹೂವಮ್ಮ ಮಗನ ಕೈ ಹಿಡಿದುಕೊಂಡಳು. ಹದಿನೈದು ದಿನದಲ್ಲಿ ಈ ಒಂದು ಪ್ರಶ್ನೆಯನ್ನು ಅವಳು ಕೇಳಿಯೇ ಇರಲಿಲ್ಲ.

"ಇದು ನನ್ನ ಬೇರಿಗೆ ಬಗ್ಗೋ ಕಾಯಿಲೆ ಅಲ್ಲ. ನಾಳೆ ಮೊದಲ ಬಸ್ಸಿಗೇ ಸಾಗರದ ಆಸ್ಪತ್ರೆಗೆ ಕರ್ಕೊಂಡು ಹೋಗು. ಅಲ್ಲೀವರೆಗೆ ಒಬ್ಬನ್ನೇ ಬಿಡಬ್ಯಾಡ," ಎಂದಳು ಕೆರಿಯಮ್ಮ.

"ಜನ ಹುಚ್ಚು ಅಂತಾರಲ್ಲೇ ಅಕ್ಕ!"

"ಅನ್ನೋರ ಬಾಯಿಗೆ ನನ್ನ ಕಷಾಯ ಹುಯ್ತೀನಿ! ನನ್ನ ತಂಗಿ ಮಗಳಿಗೂ ಹಿಂಗೇ ಆಗಿತ್ತು. ಈಗ ಮೂರು ಮಕ್ಕಳ ತಾಯಿ, ನನ್ನನ್ನೇ ಗದರಿಸ್ತಾಳೆ."

ಸಾಗರದ ಡಾಕ್ಟರು ಜಟ್ಟಪ್ಪನ ಹತ್ತಿರ ಒಂದು ಗಂಟೆ ಮಾತಾಡಿದರು. ಆಮೇಲೆ ಹೂವಮ್ಮನನ್ನು ಕರೆದರು.

"ಇದಕ್ಕೆ ಖಿನ್ನತೆ ಅಂತಾರೆ ತಾಯಿ. ಹುಚ್ಚಲ್ಲ, ಸೋಮಾರಿತನವೂ ಅಲ್ಲ. ವಾಸಿಯಾಗುತ್ತೆ. ಮಾತ್ರೆ ಹಿಡಿಯೋಕೆ ಕೆಲವು ವಾರ ಬೇಕು, ನಡುವೆ ಬಿಡಬೇಡಿ. ವಾರಕ್ಕೊಮ್ಮೆ ಬಂದು ನನ್ನ ಹತ್ತಿರ ಮಾತಾಡ್ಲಿ. ಬೇಕಾದ್ರೆ ಬೆಂಗಳೂರಿನ ಮನೋರೋಗದ ಆಸ್ಪತ್ರೆಗೂ ಕಾಗದ ಕೊಡ್ತೀನಿ. ಅದಿರ್ಲಿ, ಉಪ್ಪು ಯಾಕಮ್ಮ ಬಿಡಿಸಿದ್ರಿ?"

ಹೂವಮ್ಮ ನಾಲಿಗೆ ಕಚ್ಚಿಕೊಂಡಳು. ಗೋಡೆ ನೋಡುತ್ತಿದ್ದ ಜಟ್ಟಪ್ಪನ ತುಟಿ ಒಂಚೂರು ಅರಳಿತು.

ಒಂದೂವರೆ ತಿಂಗಳ ಮೇಲೆ ಒಂದು ಬೆಳಗ್ಗೆ ಅವನೇ ಅಡಿಗೆಮನೆಗೆ ಬಂದ. "ಅವ್ವಾ, ಮೀನು ಸಾರು ಮಾಡ್ತೀಯಾ? ಖಾರ ಮುಂದಾಗಿರ್ಲಿ!" ಹೂವಮ್ಮನಿಗೆ ಕುಣಿದಾಡುವಷ್ಟು ಸಂತೋಷ. ಆ ದಿನ ಅವನು ಮೂರು ಸಲ ಬಡಿಸಿಕೊಂಡ. ಆ ವರ್ಷದ ಪರೀಕ್ಷೆ ತಪ್ಪಿತು, ತಪ್ಪಲಿ. ಮುಂದಿನ ವರ್ಷ ಬರೆದರಾಯಿತು ಎಂದು ತಾಯಿಯೇ ಹೇಳಿದಳು.

ಮತ್ತೊಂದು ವಾರ ಇಬ್ಬರೂ ಆಸ್ಪತ್ರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಪಕ್ಕದೂರಿನ ಮೀನಾಕ್ಷಮ್ಮ ಹಿಂದಿನ ಸೀಟಿನಿಂದ ಕೂಗಿದಳು: "ಹೂವಕ್ಕಾ, ಮಗನ ಕಾಮಾಲೆ ಹೆಂಗಿದೆ?"

ಹೂವಮ್ಮ ಮಗನ ಮುಖ ನೋಡಿದಳು. ಅವನು ಹೇಳು ಎಂಬಂತೆ ತಲೆಯಾಡಿಸಿದ.

"ಕಾಮಾಲೆ ಅಲ್ಲ ಮಾರಾಯ್ತಿ, ಮನಸ್ಸಿಗೆ ಕಾಯಿಲೆ ಆಗಿತ್ತು. ಸಾಗರದ ಡಾಕ್ಟರ ಔಷಧ ನಡೀತಿದೆ. ಈಗ ಆರಾಮ!"

ಮೀನಾಕ್ಷಮ್ಮ ಎದ್ದು ಬಂದು ಹೂವಮ್ಮನ ಪಕ್ಕ ಕೂತಳು, ಕಿವಿಯ ಹತ್ತಿರ ಬಾಗಿದಳು.

"ಆ ಡಾಕ್ಟ್ರು ಯಾವತ್ತು ಸಿಗ್ತಾರೆ ಹೇಳೇ. ನನ್ನ ಮಗಳೂ ಒಂದು ತಿಂಗಳಿಂದ ಹಂಗೇ ಮಲಗಿದಾಳೆ. ನಾನು ಎಲ್ಲರಿಗೂ ಹೊಟ್ಟೆನೋವು ಅಂತ ಹೇಳೀನಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಓದುವ ಮಗ, ಮಗಳು ಎರಡು ವಾರದಿಂದ ಮಂಕಾಗಿದ್ದರೆ ಬೈಯಬೇಡಿ, ಮುಚ್ಚಿಡಬೇಡಿ. ಪಕ್ಕದಲ್ಲಿ ಕೂತು ಕೇಳಿ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈಗಂತೂ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಪುಕ್ಕಟೆಯಾಗಿ ಮಾತಾಡುವವರಿದ್ದಾರೆ. ಮಕ್ಕಳನ್ನು ಕೇಳುವುದಿದ್ದರೆ ಇವತ್ತೇ ಕೇಳಿ.